ಕುಂಕುಮ ಹಚ್ಚಿ ಕೇಳಿದ ಓಟು

ಅಮೆರಿಕದಿಂದ ಬಂದ ವಾರದಲ್ಲೇ ನನ್ನ ಸಹೋದ್ಯೋಗಿಗಳು ನನ್ನನ್ನು ಹಂಪಿಗೆ ಕರೆದುಕೊಂಡು ಹೋದರು. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವಳಿಗೆ ಹಂಪಿ ತೋರಿಸುವ ಉದ್ದೇಶ ಅವರಿಗೇನೂ ಇರಲಿಲ್ಲ. ಹಂಪಿಗೆ ನನ್ನನ್ನು ತೋರಿಸುವುದಿತ್ತು. ಬಜಾರಿನ ಕಲ್ಲುಮಂಟಪದಲ್ಲಿ ಬಾಳೆಹಣ್ಣು ತಿನ್ನುತ್ತಾ ಕೂತಿದ್ದ ಇಬ್ಬರು ಬಿಳಿಯರ ಮುಂದೆ ನನ್ನನ್ನು ನಿಲ್ಲಿಸಿ, "ಮಾತಾಡ್ರಿ ಮೇಡಂ, ನಿಮ್ಮವರು" ಅಂದರು. ಅವರು ಜರ್ಮನಿಯವರು. ಅವರಿಗೆ ಇಂಗ್ಲಿಷ್ ನನಗಿಂತ ಕಡಿಮೆ ಬರುತ್ತಿತ್ತು. ಐದು ನಿಮಿಷ ಮೂವರೂ ಒಬ್ಬರಿಗೊಬ್ಬರು ತಲೆಯಾಡಿಸಿದೆವು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬರು, "ಎರಡು ತಿಂಗಳು ಇದ್ದು ಬಂದ್ರೂ ಮೇಡಂಗೆ ಮಾತು ಅಷ್ಟಕ್ಕಷ್ಟೆ" ಎಂದು ಇನ್ನೊಬ್ಬರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ನಾನು ರಾಜ್ಯಶಾಸ್ತ್ರದ ಉಪನ್ಯಾಸಕಿ. ಅಮೆರಿಕದ ಸಂವಿಧಾನವನ್ನು ಎಷ್ಟೋ ವರ್ಷ ನೋಟ್ಸ್ ಬರೆಸಿಯೇ ಕಲಿಸಿದ್ದೆ. ಮೂರು ಚೌಕ, ಚೌಕದಿಂದ ಚೌಕಕ್ಕೆ ಬಾಣ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಆ ಚಿತ್ರ ಬರೆದು ಬರೆದು ನಮ್ಮ ಬೋರ್ಡಿನ ಆ ಜಾಗವೇ ಸವೆದಿತ್ತು. ಅಷ್ಟರಲ್ಲಿ ಬೇರೆ ಬೇರೆ ದೇಶಗಳಿಂದ ನನ್ನಂಥವರನ್ನು ಕರೆಸಿ, ಅಲ್ಲಿಯ ರಾಜಕೀಯ ಹೇಗೆ ನಡೆಯುತ್ತದೆಂದು ತೋರಿಸುವ ಒಂದು ಅಧ್ಯಯನ ಪ್ರವಾಸಕ್ಕೆ ನನ್ನ ಹೆಸರು ಬಂತು. ನನ್ನ ಗಂಡನಿಗೆ ಸಂಡೂರಿನ ಗಣಿ ಆಫೀಸಿನಲ್ಲಿ ಕೆಲಸ, ಶನಿವಾರ ಕೆಂಪು ಧೂಳು ಹೊತ್ತುಕೊಂಡು ಬಂದರೆ ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ಮಕ್ಕಳಿಬ್ಬರೂ ಸಣ್ಣವರು. ಹಾಗಾಗಿ ಆ ಎರಡು ತಿಂಗಳು ನನ್ನ ಮನೆ ಹಿಡಿದವಳು ಅಕ್ಕ. ಕಂಪ್ಲಿ ಹತ್ತಿರದ ಹಳ್ಳಿಯಿಂದ, ತನ್ನ ಗದ್ದೆಯ ಕೊಯ್ಲನ್ನು ಗಂಡನಿಗೆ ಒಪ್ಪಿಸಿ ಬಂದು, ನನ್ನ ಅಡುಗೆಮನೆಯಲ್ಲಿ ಕೂತಳು.

ಅಲ್ಲಿ ನನಗೆ ಸಿಕ್ಕಿದ್ದೇನು? ಮೊದಲ ದಿನವೇ ಒಬ್ಬ ಪ್ರೊಫೆಸರರು ಬೋರ್ಡಿನ ಮೇಲೆ ಮೂರು ಚೌಕ ಬರೆದು ಬಾಣ ಹಾಕಿದರು. ಇಷ್ಟು ದೂರ ವಿಮಾನದಲ್ಲಿ ಕೂತು ಕಾಲು ಊದಿಸಿಕೊಂಡು ಬಂದದ್ದು ಇದಕ್ಕೇನಾ ಅನ್ನಿಸಿ ಅಳುವೇ ಬಂತು. ನಮ್ಮನ್ನೆಲ್ಲ ಒಬ್ಬೊಬ್ಬರ ಮನೆಗೆ ಹಂಚಿದ್ದರು. ನನ್ನನ್ನು ಇಟ್ಟುಕೊಂಡವಳು ಒಂದು ಸಣ್ಣ ಊರಿನ, ದನದ ಮೇವಿನ ಅಂಗಡಿ ನಡೆಸುವ ಹೆಂಗಸು. ಊರಿನ ಸುತ್ತ ಕಣ್ಣು ಹಾಯುವವರೆಗೂ ಮೆಕ್ಕೆಜೋಳ. ಆ ವರ್ಷ ಅವಳು ಕೌಂಟಿಯ ಮಂಡಳಿಗೆ ನಿಂತಿದ್ದಳು. ಕೌಂಟಿ ಅಂದರೆ ನಮ್ಮ ತಾಲೂಕು ಅಂದುಕೊಳ್ಳಿ. ಅವಳ ಹತ್ತಿರ ಅಧಿಕಾರ ವಿಭಜನೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದೆ. ಅವಳು ಕಾರು ನಿಲ್ಲಿಸಿ, ಕೆಳಗಿಳಿದು, ರಸ್ತೆಯ ಗರಸನ್ನು ಕಾಲಿನಿಂದ ಒದ್ದು ತೋರಿಸಿ, ಎರಡು ವರ್ಷವಾಯಿತು, ಇದರ ಮೇಲೆ ಒಂದು ಬುಟ್ಟಿ ಕಲ್ಲು ಹಾಕಿಲ್ಲ ಅಂದಳು. ಅದೇ ಅವಳ ಅಭಿಪ್ರಾಯ.

ಸಂಜೆಯಾದರೆ ನನ್ನನ್ನೂ ಕರೆದುಕೊಂಡು ಮನೆಮನೆಗೆ ಓಟು ಕೇಳಲು ಹೊರಡುತ್ತಿದ್ದಳು. ನನ್ನ ಸೀರೆಯ ಮೇಲೆ ಅವಳ ಗಂಡನ ಕೋಟು, ತಲೆಗೆ ಮಂಕಿಕ್ಯಾಪು, ಕಾಲಿಗೆ ಲೇಸಿನ ಬೂಟು. ಮೊದಲನೆಯ ಮನೆಯ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದೆ. ಪರರ ಮನೆಗೆ ಬಂದಿದ್ದೇವೆ, ಒಳಗೆ ಕರೆಯುತ್ತಾರೆ, ನೀರು ಕೊಡುತ್ತಾರೆ, ಕಾಲಲ್ಲಿ ಬೂಟು ಇಟ್ಟುಕೊಂಡು ಹೋಗುವುದು ಹೇಗೆ? ಒಂದು ಬೂಟಿನ ಲೇಸು ಬಿಚ್ಚುವಷ್ಟರಲ್ಲಿ ಬಾಗಿಲು ತೆರೆಯಿತು. ಅವಳು ತನ್ನ ಹೆಸರು ಹೇಳಿದಳು, ಗರಸಿನ ರಸ್ತೆಯ ಮಾತು ಹೇಳಿದಳು, ನಿಮ್ಮ ಓಟು ನನಗೆ ಬೇಕು ಅಂದಳು. ಬಾಗಿಲು ಮುಚ್ಚಿತು. ಅವಳು ಆಗಲೇ ಪಕ್ಕದ ಮನೆಯ ಅಂಗಳದಲ್ಲಿದ್ದಳು. ನಾನು ಒಂದು ಬೂಟು ಕೈಯಲ್ಲಿ ಹಿಡಿದು, ಒಂದು ಕಾಲಲ್ಲಿಟ್ಟುಕೊಂಡು, ಹಿಮದಂಥ ಹುಲ್ಲಿನ ಮೇಲೆ ಅವಳ ಹಿಂದೆ ಓಡಿದೆ. ಎರಡನೆಯ ಮನೆಯಲ್ಲೂ ಹೀಗೇ ಮಾಡಿದೆ. ಅಭ್ಯಾಸ ಬಿಡಬೇಕಲ್ಲ.

ಒಂದು ಹನಿ ನೀರಿಲ್ಲ, ಬಾ ಅನ್ನುವುದಿಲ್ಲ, ಕೂರು ಅನ್ನುವುದಿಲ್ಲ. ಇದೆಂಥ ಪ್ರಜಾಪ್ರಭುತ್ವ ಎಂದು ನನಗೆ ಸಿಟ್ಟು. ಆದರೆ ಒಂದು ವಿಷಯ ಮಾತ್ರ ಮನಸ್ಸಿಗೆ ಹಿಡಿಸಿತು. ಅವಳು 'ನನಗೆ' ಅನ್ನುತ್ತಿದ್ದಳು. ನನಗೆ ಓಟು ಹಾಕಿ, ಈ ಕೆಲಸ ನಾನು ಮಾಡುತ್ತೇನೆ. ನಮ್ಮ ಕಡೆ ಹೆಂಗಸು ಇರಲಿ, ಗಂಡಸು ಕೂಡ ಹಾಗೆ ಬಾಯಿಬಿಟ್ಟು ಕೇಳಿದ್ದನ್ನು ನಾನು ನೋಡಿರಲಿಲ್ಲ.

ಮತದಾನದ ದಿನ ಸಂಜೆ ಸಮಯ ಮುಗಿದ ಮೇಲೂ ಶಾಲೆಯ ಹೊರಗೆ ಸಾಲು ಉಳಿದಿತ್ತು. ಬಾಗಿಲು ಹಾಕಲಿಲ್ಲ. ಮತಗಟ್ಟೆಯ ಕೆಲಸದ ಒಬ್ಬ ಮುದುಕ ಬಂದು, ಸಾಲು ಇಲ್ಲಿಗೆ ಮುಗಿಯಿತು ಎಂಬ ಗುರುತಿಗೆ ಕೊನೆಯವನ ಹಿಂದೆ ನಿಂತ, ಅವನ ಮುಂದಿನವರಿಗೆಲ್ಲ ಓಟು ಹಾಕಲು ಬಿಟ್ಟರು. ನಮ್ಮಲ್ಲೂ ಇದೇ ನಿಯಮ, ಕೊನೆಯವರಿಂದ ಚೀಟಿ ಕೊಡುತ್ತಾ ಬರುತ್ತೇವೆ ಎಂದು ನಾನು ಅವನಿಗೆ ಹೆಮ್ಮೆಯಿಂದ ಹೇಳಿದೆ. ನನ್ನ ಮನೆಯೊಡತಿ ಸೋತಳು. ಮರುದಿನ ಬೆಳಿಗ್ಗೆ ಅವಳು ಅದೇ ಬೀದಿಗಳಲ್ಲಿ ಮತ್ತೆ ಸುತ್ತಿ, ಜನರ ಅಂಗಳದಲ್ಲಿ ನೆಟ್ಟಿದ್ದ ತನ್ನ ಹೆಸರಿನ ಬೋರ್ಡುಗಳನ್ನು ಕಿತ್ತು ಕಾರಿಗೆ ಹಾಕಿಕೊಂಡಳು. ಸೋತವಳಿಗೆ ಆ ಬೆಳಿಗ್ಗೆಯೇ ಜನರ ಮುಖ ನೋಡುವ ಗರಜು ಏನಿತ್ತು ಎಂದು ನನಗೆ ಅರ್ಥವಾಗಲಿಲ್ಲ.

ಊರಿಗೆ ಬಂದರೆ ಒಬ್ಬೊಬ್ಬರದು ಒಂದೊಂದು ಪ್ರಶ್ನೆ. ಪ್ರಿನ್ಸಿಪಾಲರಿಗೆ ನಾನು ಅಧ್ಯಕ್ಷರನ್ನು ನೋಡಿದೆನಾ ಎಂಬ ಚಿಂತೆ. ಓಣಿಯ ಹೆಂಗಸರಿಗೆ ಅಲ್ಲಿ ಸಂಡಾಸಿನಲ್ಲಿ ನೀರಿಲ್ಲದೆ ಹೇಗೆ ಮಾಡಿದೆ ಎಂಬ ಚಿಂತೆ. ನನ್ನ ಮನೆಯೊಡತಿಯ ಗಂಡ ಬೇರೆ ಪಕ್ಷದವನು, ಒಂದೇ ಅಂಗಳದಲ್ಲಿ ಎರಡು ಪಕ್ಷದ ಬೋರ್ಡು ಇದ್ದವು ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರೆ, "ಡೈವೋರ್ಸ್ ಆತೇನ್ರಿ?" ಅಂದರು. ಸನ್ಮಾನ ಮಾಡಿದರು, ಶಾಲು ಹೊದಿಸಿದರು, ಯಾರೂ ಕೇಳಬೇಕಾದ್ದನ್ನು ಕೇಳಲಿಲ್ಲ.

ಕೇಳಿದವಳು ಅಕ್ಕ ಒಬ್ಬಳೇ. ಅವಳು ಆಗಲೇ ಊರಿಗೆ ವಾಪಸಾಗಿದ್ದಳು. ಒಂದು ದಿನ ಕಂಪ್ಲಿ ಬಸ್ಸಿಗೆ ಬಂದಿಳಿದು, ಚೀಲದಿಂದ ನುಚ್ಚಕ್ಕಿ ತೆಗೆದಿಟ್ಟು, ನೆಲದ ಮೇಲೆ ಕೂತು ಕೇಳಿದಳು. "ಅಲ್ಲಿ ಹೆಣ್ಮಕ್ಕಳು ಓಟಿಗೆ ನಿಂತ್ರ ಹೆಂಗ ಕೇಳ್ತಾರಲೇ?"

ಆ ವರ್ಷ ಮಂಡಲ ಪಂಚಾಯಿತಿಯ ಚುನಾವಣೆ ಬಂದಿತ್ತು, ಹೆಣ್ಣುಮಕ್ಕಳಿಗೆಂದು ಕೆಲವು ಸ್ಥಾನ ಬಿಟ್ಟಿದ್ದರು. ಅವಳ ಊರಿನದೂ ಅದರಲ್ಲಿ ಒಂದು. ಸಾಹುಕಾರರ ಮನೆಯವರು ಸೊಸೆಯನ್ನು ನಿಲ್ಲಿಸಿದ್ದರು. ಹೊಸದಾಗಿ ಬಂದ ಹುಡುಗಿ, ಹೊಸ್ತಿಲು ದಾಟಿದ್ದೇ ಕಡಿಮೆ. ಅವಳ ಎದುರು ಅಕ್ಕ ನಿಂತಿದ್ದಳು, ತಾನಾಗಿಯೇ. ಮಾಮ, ಅಂದರೆ ಅಕ್ಕನ ಗಂಡ, ಬೇಡ ಅಂದಿರಲಿಲ್ಲ, ಹೂಂ ಅಂದೂ ಇರಲಿಲ್ಲ.

ಅಕ್ಕನಿಗೆ ಬೇಕಾಗಿದ್ದು ಒಂದೇ. ಕಾಲುವೆಗೆ ಒಂದು ಕಾಲುಸೇತುವೆ. ತುಂಗಭದ್ರೆಯ ಕಾಲುವೆ ಬಂದು ಆ ಊರಿಗೆ ಭತ್ತ ಬಂತು, ಕಬ್ಬು ಬಂತು, ಮಾಡಿಗೆ ಹಂಚು ಬಂತು, ಊರು ಮಾತ್ರ ಎರಡು ಭಾಗವಾಯಿತು. ಶಾಲೆ, ಗುಡಿ, ಅಂಗಡಿ, ಸಾಹುಕಾರರ ಮನೆ ಆ ದಂಡೆಗೆ. ಅಕ್ಕನ ಓಣಿ ಈ ದಂಡೆಗೆ. ನಡುವೆ ಎರಡು ತೆಂಗಿನ ದಿಮ್ಮಿಗಳನ್ನು ಜೋಡಿಸಿ ಹಾಕಿದ್ದರು. ಗಂಡಸರು ಸೈಕಲ್ಲಿನಲ್ಲಿ, ಟ್ರ್ಯಾಕ್ಟರಿನಲ್ಲಿ ಮೇಲಿನ ತೂಬಿನ ಸೇತುವೆಯ ಸುತ್ತು ಹಾದಿ ಹಿಡಿದು ಹೋಗಿಬಿಡುತ್ತಿದ್ದರು. ಹೆಂಗಸರು ತಲೆಯ ಮೇಲೆ ಹೊರೆ ಹೊತ್ತು ದಿಮ್ಮಿಯ ಮೇಲೆ. ಹಿಂದಿನ ವರ್ಷ ಅಕ್ಕನ ಪಕ್ಕದ ಮನೆಯವಳು ಮೇವಿನ ಹೊರೆಯ ಸಮೇತ ಬಿದ್ದು, ಕೆಳಗಿನ ತೂಬಿನ ಕಂಬಿಗೆ ಸಿಕ್ಕಿ ಬದುಕಿದ್ದಳು. ಅವಳ ಭುಜ ಮತ್ತೆ ನೆಟ್ಟಗಾಗಲಿಲ್ಲ. ಅವಳು ಬಿದ್ದಾಗ ಹಿಂದೆ ದಿಮ್ಮಿಯ ಮೇಲಿದ್ದವಳು ಅಕ್ಕ.

"ಗಂಡಸರಿಗೆ ಹೇಳಿ ಸಾಕಾತು" ಅಂದಳು. "ಅವ್ರು ಸುತ್ತು ಹಾಕ್ಕೊಂಡು ಹೋಗ್ತಾರ, ಅವ್ರಿಗೆ ದಿಮ್ಮಿ ಕಾಣ್ಸೂದಿಲ್ಲ."

ನನಗೆ ಹುರುಪು ಬಂತು. ಕೊನೆಗೂ ಅಮೆರಿಕ ಯಾರಿಗೋ ಬೇಕಾಗಿತ್ತು. ಅಕ್ಕನನ್ನು ಎದುರಿಗೆ ಕೂರಿಸಿ ಪಾಠ ಶುರು ಮಾಡಿದೆ. ಸಭೆ ಬೇಡ, ಮೈಕು ಬೇಡ, ಹಿರಿಯರನ್ನು ಹಿಡಿದು ಓಣಿಯ ಓಟೆಲ್ಲ ಒಟ್ಟಿಗೆ ಕಟ್ಟಿಸುವುದು ಬೇಡ. ಒಂದೊಂದು ಮನೆಗೆ ನೀನೇ ಹೋಗು. ನಿನ್ನ ಹೆಸರು ಹೇಳು, ಸೇತುವೆ ಮಾಡಿಸ್ತೀನಿ ಅನ್ನು, ನನಗೆ ಓಟು ಹಾಕಿ ಅನ್ನು, ಮುಂದಿನ ಮನೆಗೆ ನಡಿ.

"ನಿಂತಕಾಲ ಮ್ಯಾಲ?" ಅಂದಳು ಅಕ್ಕ.

"ಹೂಂ, ನಿಂತಕಾಲ ಮ್ಯಾಲ."

"ಕುಂದ್ರು ಅಂದ್ರ?"

"ಕುಂದ್ರಬ್ಯಾಡ."

"ನೀರು ಕೊಟ್ರ?"

"ಅಕ್ಕಾ, ಊರಾಗ ಎಷ್ಟು ಮನಿ ಅದಾವ? ಎಲ್ಲಾ ಮನ್ಯಾಗ ನೀರು ಕುಡಕೋತ ಕುಂತ್ರ ಓಟು ಮುಗದು ಮುಂದಿನ ಓಟು ಬರ್ತದ."

ಅಭ್ಯಾಸ ಮಾಡಿಸಿದೆ. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗೆ ನಿಲ್ಲುವುದು, ಅವಳು ಬಂದು ಬಡಿಯುವುದು. ಬಾಗಿಲು ತೆಗೆದರೆ ಅವಳು ಸೆರಗು ಸರಿಮಾಡಿಕೊಂಡು ನಗುತ್ತಾ ನಿಂತಿರುತ್ತಿದ್ದಳು. "ನನಗ" ಅನ್ನುವವರೆಗೆ ಬಂದು ಮಾತು ನಿಂತುಬಿಡುತ್ತಿತ್ತು. ಹೆಸರು ಬಂತು, ಸೇತುವೆ ಬಂತು, ಓಟು ಮಾತ್ರ ಬಾಯಿಂದ ಹೊರಡಲೊಲ್ಲದು. "ನಮ್ದೂ ಸ್ವಲ್ಪ ನೋಡ್ರಿ" ಅನ್ನುತ್ತಿದ್ದಳು. ಏನು ನೋಡಬೇಕು, ಯಾರದು ನೋಡಬೇಕು? ಹದಿಹರೆಯದ ಹುಡುಗಿಯರಿಗೆ ಮೂರು ಚೌಕ ಬಾಯಿಪಾಠ ಮಾಡಿಸಿದವಳು ನಾನು, ಸ್ವಂತ ಅಕ್ಕನಿಂದ ಎರಡು ಶಬ್ದ ಹೊರಡಿಸಲಾರದೆ ಕೈಚೆಲ್ಲಿದೆ. "ಹೋಗ್ಲಿ ಬಿಡು, ಬಾಗಲಿಗೆ ಹೋದಾಗ ತಾನಾ ಬರ್ತದ" ಅಂದಳು ಅವಳು, ನನ್ನನ್ನೇ ಸಮಾಧಾನ ಮಾಡುವಂತೆ.

ಆಮೇಲಿನ ಸುದ್ದಿಯೆಲ್ಲ ಚೆನ್ನಾಗಿಯೇ ಇತ್ತು. ಮಾಮ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೊಸಪೇಟೆಗೆ ಬಂದಾಗ ಕೇಳಿದೆ. "ಎಲ್ಲಾ ಮನಿಗೂ ಹೊಂಟಾಳ. ಎರಡೂ ದಂಡಿ. ಮಂದಿ ಭಾಳ ಖುಷಿಯಾಗ ಅದಾರ. ಖಂಡಿತ ಬರ್ತೀವಿ ಅಂತಾರ" ಎಂದರು. ಖಂಡಿತ ಬರ್ತೀವಿ ಅನ್ನುವುದನ್ನು ನಾನು ಓಟು ಹಾಕಲು ಬರುತ್ತೇವೆ ಎಂದೇ ತಿಳಿದೆ. ಬೇರೆ ಏನೆಂದು ತಿಳಿಯಬೇಕಿತ್ತು?

ಓಟಿನ ದಿನ ಕಾಲೇಜಿಗೆ ರಜೆ. ಕಂಪ್ಲಿಯವರೆಗೆ ಬಸ್ಸು, ಅಲ್ಲಿಂದ ಕಬ್ಬಿನ ಟ್ರ್ಯಾಕ್ಟರು ಹಿಡಿದು ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಳದ ತುಂಬ ಹೆಂಗಸರು. ಬೆಳಿಗ್ಗೆ ನಾಟಿ ಮುಗಿಸಿ, ಮಿಂದು, ಪೆಟ್ಟಿಗೆಯ ಒಳ್ಳೊಳ್ಳೆ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ಕೈಯಲ್ಲಿ ತಾಟು, ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಮೇಲೆ ಜಂಪರ್ ಪೀಸು. ಮುಯ್ಯಿ ತಂದಿದ್ದರು. ನಾನು ಕಾರ್ಯದ ಮನೆಗೆ ಬಂದೆನೇನೋ ಎಂದು ಒಂದು ಕ್ಷಣ ಗಾಬರಿಯಾದೆ.

"ಇಲ್ಯಾಕ ಕುಂತೀರಿ? ಓಟು ಹಾಕಿ ಬಂದ್ರಿ?" ಎಂದು ಕಟ್ಟೆಯ ಮೇಲಿದ್ದ ಮುದುಕಿಯನ್ನು ಕೇಳಿದೆ.

"ಇಲ್ರವಾ. ಉಂಡು ಹೋಗ್ತೀವಿ."

"ಊಟ? ಯಾರು ಹೇಳಿದ್ರು?"

"ನಿಮ್ಮ ಅಕ್ಕಾರು ಕುಂಕುಮ ಹಚ್ಚಿ ಕರದು ಹೋಗ್ಯಾರಲ್ರಿ" ಅಂದಳು, ನನಗೇನೂ ತಿಳಿಯದೆಂಬಂತೆ ಮುಖ ನೋಡುತ್ತಾ.

ಒಳಗೆ ಹೋಗಿ ಅಕ್ಕನನ್ನು ಹಿಡಿದುಕೊಂಡೆ. ಆದದ್ದಿಷ್ಟು. ಬರಿಗೈಲಿ ಇನ್ನೊಬ್ಬರ ಬಾಗಿಲಿಗೆ ಹೋಗುವುದು ಹೇಗೆ ಎಂದು ಅವಳು ಕುಂಕುಮದ ಭರಣಿ ಹಿಡಿದುಕೊಂಡು ಹೋಗಿದ್ದಳು. ಓಟು ಎಂಬ ಮಾತು ಬಾಯಿಗೆ ಬಾರದೆ, ಮನೆಯೊಡತಿಗೆ ಕುಂಕುಮ ಹಚ್ಚಿ, "ಓಟಿನ ದಿನ ಮನಿ ಮಂದಿನೆಲ್ಲಾ ಕರ್ಕೊಂಡು ಬರ್ರಿ, ತಪ್ಪಿಸಬ್ಯಾಡ್ರಿ" ಎಂದು ಹೇಳಿ ಬಂದಿದ್ದಳು. ನಮ್ಮ ಕಡೆ ಕುಂಕುಮ ಹಚ್ಚಿ ಮನೆಮಂದಿಯನ್ನೆಲ್ಲ ಕರೆದರೆ ಅದಕ್ಕೆ ಒಂದೇ ಅರ್ಥ. ಆ ಮನೆಯಲ್ಲಿ ಕಾರ್ಯವಿದೆ, ಎಲೆ ಹಾಕುತ್ತಾರೆ, ಹೋಗದಿದ್ದರೆ ಕರೆದವರಿಗೆ ಅವಮಾನ, ಉಣ್ಣದೆ ಎದ್ದರೆ ಇನ್ನೂ ದೊಡ್ಡ ಅವಮಾನ. ಊರಿಗೆ ಊರೇ ಮರ್ಯಾದೆಯಿಂದ ಅಂಗಳದಲ್ಲಿ ಕೂತಿತ್ತು.

"ನಾನು ಹೇಳಿದ್ದೇನು, ನೀನು ಮಾಡಿದ್ದೇನು?" ಎಂದು ಹಲ್ಲು ಕಚ್ಚಿ ಕೇಳಿದೆ.

"ನೀ ಹೇಳಿದಂಗ ಮಾಡೀನಿ. ಎಲ್ಲಾ ಮನಿಗೂ ಹೋಗೀನಿ. ಎಲ್ಲೂ ಕುಂತಿಲ್ಲ."

ಇನ್ನು ಅಡುಗೆ ಮಾಡೋಣವೆಂದರೆ ಅದಕ್ಕೂ ಕಲ್ಲು ಬಿದ್ದಿತ್ತು. ಓಟಿನ ದಿನ ಊಟ ಹಾಕಿಸುತ್ತಿದ್ದಾರೆ ಎಂದು ಆ ದಂಡೆಯವರು ದೂರು ಕೊಟ್ಟು, ಒಬ್ಬ ಪೊಲೀಸಿನವನು ಬಂದು ಹಿತ್ತಲಿನ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಉರಿ ಹಚ್ಚಿದರೆ ಕೇಸು. ಹೆಂಗಸರಿಗೆ ಹೋಗಿ ಓಟು ಹಾಕಿ ಎಂದರೆ ಉಣ್ಣದೆ ಏಳಲೊಲ್ಲರು. ನಾನು ಅಂಗಳದಲ್ಲಿ ನಿಂತು ನಾಗರಿಕರ ಕರ್ತವ್ಯ, ಮತದ ಬೆಲೆ ಎಂದು ಭಾಷಣ ಮಾಡಿದೆ. ಎಲ್ಲರೂ ಪ್ರೀತಿಯಿಂದ ಕೇಳಿದರು. ಒಬ್ಬರೂ ಏಳಲಿಲ್ಲ. ಒಬ್ಬಳು, "ಕುಂದ್ರಿ ಅಕ್ಕಾರ, ನಿಂತು ಸಾಕಾಗೇತಿ ನಿಮಗ" ಎಂದು ಜಾಗ ಮಾಡಿಕೊಟ್ಟಳು. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹೊತ್ತು ಜಾರುತ್ತಿತ್ತು.

ಕೊನೆಗೆ ಅಕ್ಕ ಹೊರಗೆ ಬಂದು ಹೊಸ್ತಿಲ ಮೇಲೆ ನಿಂತಳು. "ಇವತ್ತು ಎಲಿ ಹಾಕಿದ್ರ ಕೇಸ್ ಆಗತೈತಂತ. ನಾ ಕರದೀನಿ, ಊಟ ನನ್ನ ಮ್ಯಾಲ ಬಾಕಿ ಐತಿ. ಹಾಕೇ ಹಾಕ್ತೀನಿ. ಈಗ ಏಳ್ರಿ, ಸಾಲಿಗೆ ಹೋಗೂಣು." ನನ್ನ ಅಷ್ಟು ದೊಡ್ಡ ಭಾಷಣಕ್ಕೆ ಏಳದವರು ಇಷ್ಟಕ್ಕೆ ಎದ್ದರು. ತಾಟುಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟು ಹೊರಟರು.

ಮುಂದೆ ಕಾಲುವೆ. ನಾಟಿಯ ಕಾಲ, ನೀರು ದಂಡೆಯ ಸಮಕ್ಕೆ ಹರಿಯುತ್ತಿತ್ತು. ದಿನವೂ ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ ಸರಸರ ದಾಟುವವರು ಇವತ್ತು ರೇಷ್ಮೆಯಲ್ಲಿದ್ದರು. ಒಬ್ಬಳು ದಾಟಿ ಆ ದಂಡೆ ಮುಟ್ಟಿದ ಮೇಲೆಯೇ ಇನ್ನೊಬ್ಬಳು ದಿಮ್ಮಿಯ ಮೇಲೆ ಕಾಲಿಡಬೇಕು. ಮುದುಕಿಯರ ಕೈಹಿಡಿದು ಅಕ್ಕ ಹೋಗಿ ಬಂದು ಮಾಡುತ್ತಿದ್ದಳು. ದಿಮ್ಮಿ ಮುಗಿದಲ್ಲೇ ಮತಗಟ್ಟೆಯಿದ್ದ ಶಾಲೆಯ ಗೇಟು, ಗೇಟಿನಿಂದ ಸರದಿ ದಿಮ್ಮಿಯವರೆಗೆ ಬಂದು, ದಿಮ್ಮಿಯ ಮೇಲೆ ಹಾದು, ಈ ದಂಡೆಯಲ್ಲಿ ಬೇವಿನ ಗಿಡದವರೆಗೆ ಹಬ್ಬಿತ್ತು. ಅಷ್ಟರಲ್ಲಿ ಸಮಯ ಮುಗಿಯಿತು.

ಮತಗಟ್ಟೆಯ ಅಧಿಕಾರಿ ಕೈಯಲ್ಲಿ ಚೀಟಿ ಹಿಡಿದು ಹೊರಗೆ ಬಂದರು. ಎಲ್ಲಿಯದೋ ಶಾಲೆಯ ಮೇಷ್ಟರು, ಬೆಳಗಿನಿಂದ ದಣಿದಿದ್ದರು. ಸರದಿಯ ಕೊನೆಯವರಿಂದ ಚೀಟಿ ಕೊಡುತ್ತಾ ಬರಬೇಕು. ಅವರು ನೀರಿನ ಅಂಚಿಗೆ ಬಂದರು, ದಿಮ್ಮಿ ನೋಡಿದರು, ಅಲ್ಲಿಯೇ ನಿಂತರು. ಆ ದಂಡೆಯಲ್ಲಿದ್ದವರಿಗೆ ಮಾತ್ರ ಚೀಟಿ ಕೊಡಲು ಶುರು ಮಾಡಿದರು.

ನಾನು ಜನರನ್ನು ಸರಿಸಿಕೊಂಡು, ದಿಮ್ಮಿ ದಾಟಿ, ಅವರ ಎದುರಿಗೆ ಹೋದೆ. "ಸರ್, ಸಾಲಿನ ಕೊನೆ ಅಲ್ಲೈತಿ. ಬೇವಿನ ಗಿಡದ ಹತ್ರ."

"ಕಾಲುವಿ ಆಚೆ ಇದ್ದೋರು ಸಾಲಿನಾಗ ಬರೂದಿಲ್ರಿ ಮೇಡಂ."

"ಯಾವ ನಿಯಮದಾಗ ಹಂಗ ಬರದೈತಿ? ಅಮೆರಿಕದಾಗ ನಾನ ಕಣ್ಣಾರೆ ನೋಡಿ ಬಂದೀನಿ, ಕೊನೆ ಮನುಷ್ಯಾನ ಹಿಂದ ಹೋಗಿ ನಿಂತು..."

"ಇದು ಅಮೆರಿಕ ಅಲ್ರಿ."

"ನಮ್ಮ ನಿಯಮನೂ ಅದ ಐತ್ರಿ. ನೀವು ದಾಟಿ ಹೋಗಿ ಕೊಡ್ರಿ."

ಅವರು ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನನಗ ಈಜು ಬರೂದಿಲ್ರಿ, ಮೇಡಂ" ಅಂದರು ಮೆಲ್ಲಗೆ.

"ಅವ್ರಿಗೂ ಬರೂದಿಲ್ಲ" ಅಂದೆ.

ಅವರು ತಲೆ ತಗ್ಗಿಸಿಕೊಂಡು ಇದ್ದ ಚೀಟಿ ಹಂಚಿ ಒಳಗೆ ಹೋದರು. ಗೇಟು ಹಾಕಿದರು. ಈ ದಂಡೆಯಲ್ಲಿ ಉಳಿದವರು ರೇಷ್ಮೆ ಸೀರೆಯಲ್ಲಿ ಹಾಗೇ ಸ್ವಲ್ಪ ಹೊತ್ತು ನಿಂತಿದ್ದು, ದನ ಬರುವ ಹೊತ್ತಾಯಿತೆಂದು ಮನೆಗೆ ಹೋದರು. ಭುಜ ಮುರಿದುಕೊಂಡಿದ್ದ ಪಕ್ಕದ ಮನೆಯವಳೂ ಅವರಲ್ಲಿ ಒಬ್ಬಳು. ಅವಳು ಬಿದ್ದ ಮೇಲೆ ದಿಮ್ಮಿ ಹತ್ತಿರಲಿಲ್ಲ, ಇವತ್ತು ಅಕ್ಕನಿಗಾಗಿ ಹತ್ತುತ್ತೇನೆಂದು ಕೊನೆಗೆ ನಿಂತಿದ್ದಳು.

ಎಣಿಕೆಯಾಯಿತು. ಅಕ್ಕ ಸೋತಳು. ಸೋತದ್ದು ಆ ಬೇವಿನ ಗಿಡದ ಕೆಳಗೆ ನಿಂತಿದ್ದವರಿಗಿಂತ ಕಡಿಮೆ ಓಟಿನಿಂದ. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ. ಮೇಷ್ಟರ ಮೇಲೆ, ಪೊಲೀಸಿನವನ ಮೇಲೆ, ಕುಂಕುಮದ ಭರಣಿಯ ಮೇಲೆ, ಉಣ್ಣದೆ ಏಳದ ಆ ಮರ್ಯಾದಸ್ಥ ಹೆಂಗಸರ ಮೇಲೆ. ಸೇತುವೆ ಬೇಕೆಂದು ನಿಂತವಳು ಸೇತುವೆ ಇಲ್ಲದ್ದಕ್ಕೇ ಸೋತಳು, ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ತಕರಾರು ಅರ್ಜಿ ಹಾಕೋಣ, ಬಳ್ಳಾರಿಗೆ ಹೋಗೋಣ ಎಂದು ಹಾರಾಡಿದೆ. ಅಕ್ಕ ಗೋಧಿ ಹಸನು ಮಾಡುತ್ತಾ ಕೂತಿದ್ದಳು.

"ಏನು ಮಾಡಾಕತ್ತಿ?" ಎಂದೆ.

"ಹುಗ್ಗಿಗೆ. ಊಟ ಬಾಕಿ ಐತಲ್ಲ."

ಸೋತವಳು ಊರಿಗೆ ಊಟ ಹಾಕುವುದೇ? ಜನ ಏನಂದುಕೊಳ್ಳುತ್ತಾರೆ? ಮಾಮ ಕೂಡ ಆ ದಿನ ಮೊದಲ ಸಲ ಬೇಡ ಅಂದರು. ಅಕ್ಕ ಕೇಳಲಿಲ್ಲ. ಕರೆದವಳು ತಾನು, ಮುಯ್ಯಿ ತಾಟು ತನ್ನ ಪಡಸಾಲೆಯಲ್ಲಿವೆ, ಅವರು ಹಸಿದುಕೊಂಡು ಹೋಗಿದ್ದಾರೆ ಅಂದಳು. ಮತ್ತೆ ಭರಣಿ ಹಿಡಿದು ಅದೇ ಮನೆಗಳಿಗೆಲ್ಲ ಹೋದಳು. ಅವಳ ಹಿಂದೆ ಹೋಗುತ್ತಾ ನನಗೆ ಅಲ್ಲಿಯ ಆ ಮೇವಿನ ಅಂಗಡಿಯವಳು ನೆನಪಾದಳು, ಬೋರ್ಡು ಕೀಳುತ್ತಾ ಬೀದಿ ಸುತ್ತಿದ್ದು. ಅಕ್ಕನಿಗೆ ಆ ಮಾತು ನಾನು ಹೇಳಿರಲೇ ಇಲ್ಲ. ಪಾಠಕ್ಕೆ ಸೇರಿದ್ದು ಎಂದು ನನಗೆ ಅನ್ನಿಸಿರಲಿಲ್ಲ.

ಸಾಹುಕಾರರ ಮನೆಗೂ ಹೋದಳು. ಗೆದ್ದ ಹುಡುಗಿಗೆ, ಅವಳ ಅತ್ತೆಗೆ ಕುಂಕುಮ ಹಚ್ಚಿ ಕರೆದಳು. ಕುಂಕುಮದ ಕರೆ, ಇಲ್ಲ ಅನ್ನುವ ಹಾಗಿಲ್ಲ. ಅತ್ತೆ ತನಗೆ ಮಂಡಿನೋವು, ಸೊಸೆಯನ್ನು ಕಳಿಸುತ್ತೇನೆ ಅಂದಳು.

ಊಟದ ದಿನ ಅಕ್ಕ ತಾನೇ ಹೋಗಿ ಕರೆತರುತ್ತೇನೆಂದು ಹೊರಟಳು. ಸಾಹುಕಾರರ ಮನೆಯ ಮುಂದೆ ಆ ಹುಡುಗಿಯ ಗಂಡ ಟ್ರ್ಯಾಕ್ಟರು ಸ್ಟಾರ್ಟ್ ಮಾಡಿಕೊಂಡು ಕೂತಿದ್ದ.

"ಟ್ರ್ಯಾಕ್ಟರ್ ಯಾಕ ತಮ್ಮಾ? ಇಲ್ಲೇ ಹತ್ರ. ನಾ ಕೈಹಿಡದು ಕರ್ಕೊಂಡು ಹೋಗ್ತೀನಿ" ಅಂದಳು ಅಕ್ಕ. ದೊಡ್ಡವಳ ಮಾತು, ಅವನು ಎಂಜಿನ್ ಆರಿಸಿದ.

ದಿಮ್ಮಿಯ ಹತ್ತಿರ ಬಂದಾಗ ಹುಡುಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಮದುವೆಯಾಗಿ ಬಂದ ಮೇಲೆ ಈ ದಂಡೆಗೆ ಅವಳು ಬಂದಿರಲೇ ಇಲ್ಲ. ಅಕ್ಕ ಮುಂದೆ, ಅವಳು ಹಿಂದೆ, ಅವಳ ಹಿಂದೆ ಆ ದಂಡೆಯಲ್ಲಿ ನಾನು. ನಡುವಿನವರೆಗೆ ಬಂದಳು. ಕೆಳಗೆ ನೀರು ಸುತ್ತುತ್ತಿದ್ದದ್ದನ್ನು ನೋಡಿಬಿಟ್ಟಳು. ಚಪ್ಪಲಿ ಕೈಯಿಂದ ಜಾರಿ ನೀರಿಗೆ ಬಿದ್ದು, ನಾವು ನೋಡುತ್ತಿದ್ದಂತೆ ತೂಬಿನ ಕಡೆ ಹೋಯಿತು. ಹುಡುಗಿ ಜರಿಸೀರೆಯಲ್ಲಿ ದಿಮ್ಮಿಯ ಮೇಲೆ ಕುಸಿದು ಕೂತಳು. "ಅಕ್ಕಾರ, ಆಗವಲ್ದು. ನನ್ನ ಬಿಡಬ್ಯಾಡ್ರಿ" ಎಂದು ಅಳತೊಡಗಿದಳು. ಅವಳ ಗಂಡ ದಂಡೆಯಲ್ಲಿ ನಿಂತು ಕೂಗುತ್ತಿದ್ದ. ಆದರೆ ದಿಮ್ಮಿಗೆ ಕಾಲಿಡಲಿಲ್ಲ.

ಅಕ್ಕ ಅವಸರ ಮಾಡಲಿಲ್ಲ. ತಾನೂ ಕೂತಳು, ಅವಳ ಎದುರಿಗೆ, ಕಾಲು ಇಳಿಬಿಟ್ಟು. "ಅಳು. ಆಮ್ಯಾಲೆ ಹೋಗೂಣು. ನಾವು ದಿನಾ ದಾಟ್ತೀವಿ, ಏನೂ ಆಗೂದಿಲ್ಲ" ಅಂದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಎದ್ದರು. ಹುಡುಗಿ ಅಕ್ಕನ ನಡುವನ್ನು ಎರಡೂ ಕೈಯಿಂದ ಹಿಡಿದು ಹೆಜ್ಜೆ ಹೆಜ್ಜೆಗೆ ಈ ದಂಡೆ ಮುಟ್ಟಿದಳು. ಬೇವಿನ ಗಿಡದ ಕೆಳಗೆ, ಭುಜ ವಾರೆಯಾದ ಆ ಹೆಂಗಸು ಬರಿಗಾಲಿನವಳ ಪಾದಕ್ಕೆ ನೀರು ಹಾಕಿದಳು.

ಹುಡುಗಿ ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡಳು. ವಾಪಸು ಹೋಗುವಾಗ ಟ್ರ್ಯಾಕ್ಟರು ಸುತ್ತು ಹಾಕಿ ಬಂದು ಕರೆದುಕೊಂಡು ಹೋಯಿತು.

ಮಂಡಲದ ಮೊದಲನೆಯ ಸಭೆಗೆ ಅವಳ ಗಂಡನೇ ಅವಳನ್ನು ಕರೆದುಕೊಂಡು ಹೋದ. ಅವನನ್ನು ಹೊರಗೆ ಕೂರಿಸಿದರಂತೆ. ಒಳಗೆ ಆ ಹುಡುಗಿ ಎದ್ದುನಿಂತು ಒಂದೇ ಮಾತು ಹೇಳಿ ಕೂತಳಂತೆ. ನಮ್ಮೂರ ಕಾಲುವೆಗೆ ಸೇತುವೆ ಆಗಬೇಕು, ಅದು ನನಗೆ ಬೇಕು ಎಂದು. ನನಗೆ ಎಂದಳಂತೆ. ಆಮೇಲೆ ಪ್ರತಿ ಸಭೆಯಲ್ಲೂ ಅದನ್ನೇ ಹೇಳಿ, ಎರಡು ಬೆಳೆ ಬರುವಷ್ಟರಲ್ಲಿ ಹೇಳಿದ್ದನ್ನು ಮಾಡಿಸಿದಳು.

ಸೇತುವೆ ನೋಡಲು ಹೋದಾಗ ನನಗೆ ಮತ್ತೆ ರೇಗಿತು. ಕಟಕಟೆಯ ತುದಿಗೆ ಕಲ್ಲು ನೆಟ್ಟು ಮಂಡಲದ ಪ್ರಧಾನರ ಹೆಸರು, ಎಂಜಿನಿಯರರ ಹೆಸರು, ಆ ಹುಡುಗಿಯ ಹೆಸರು, ಅವಳ ಗಂಡನ ಹೆಸರು ಕೂಡ ಕೆತ್ತಿಸಿದ್ದರು. ಅಕ್ಕನ ಹೆಸರಿನ ಗುರುತಿಲ್ಲ. ಅಕ್ಕ ತಲೆಯ ಮೇಲೆ ಮೇವಿನ ಹೊರೆ ಹೊತ್ತುಕೊಂಡು ಆ ಕಡೆಯಿಂದ ಬಂದಳು. ಜೊತೆಗೆ ಪಕ್ಕದ ಮನೆಯವಳೂ ಇದ್ದಳು, ಬರಿಗೈಲಿ, ಸೇತುವೆಯ ನಡುಮಧ್ಯದಲ್ಲಿ ಏನೋ ಹೇಳುತ್ತಾ, ನೀರಿನ ಕಡೆ ನೋಡದೆ.

ಎಷ್ಟೋ ದಿನದಿಂದ ಕೇಳಬೇಕೆಂದಿದ್ದುದನ್ನು ಆಗ ಕೇಳಿದೆ. "ಖರೇ ಹೇಳಕ್ಕಾ. ಅವತ್ತು ಆ ಹುಡುಗಿನ ಬೇಕಂತನ ದಿಮ್ಮಿ ಮ್ಯಾಲ ಕರ್ಕೊಂಡು ಬಂದಿ, ಹೌದಿಲ್ಲೋ? ಟ್ರ್ಯಾಕ್ಟರ್ ಇತ್ತಲ್ಲ."

"ಸುತ್ತು ಹಾದಿ ದೂರ ಆಗತಿತ್ತು" ಅಂದಳು ಅಕ್ಕ, ಹೊರೆಯ ಕೆಳಗಿನಿಂದ. "ಉಣ್ಣೂ ಹೊತ್ತಾಗಿತ್ತು."

"ಕಲ್ಲಿನ ಮ್ಯಾಲ ನಿನ್ನ ಹೆಸರ ಇಲ್ಲ."

"ನಡಿಲೇ, ಕಲ್ಲು ಓದಕೋತ ನಿಂತೀದಿ" ಎಂದು ನನ್ನನ್ನು ದಾಟಿಕೊಂಡು ಮುಂದೆ ಹೋದಳು. ಹಿಂದೆ ಶಾಲೆ ಬಿಟ್ಟ ಹುಡುಗಿಯರು ಬರುತ್ತಿದ್ದರು, ನಾಲ್ಕು ನಾಲ್ಕು ಜನ ಸಾಲಾಗಿ, ಕೈ ಕೈ ಹಿಡಿದುಕೊಂಡು. ನಾನು ಅವರಿಗೆ ದಾರಿ ಬಿಟ್ಟು ಕಟಕಟೆಗೆ ಒತ್ತಿ ನಿಂತೆ.